ಎರಡು ಲೋಟ ಅಕ್ಕಿ

ಹೊಲಿಗೆಯಕ್ಕನಿಗೆ ಮಹಡಿ ಹತ್ತುವುದೇ ದೊಡ್ಡ ಕೆಲಸವಾಗಿತ್ತು. ಇರುವುದು ಹದಿನಾರು ಮೆಟ್ಟಿಲು. ನಡುವೆ ಎರಡು ಸಲ ನಿಂತು ಏದುಸಿರು ಬಿಡುತ್ತಿದ್ದಳು. ಗಂಡ ತೀರಿಕೊಂಡು ಒಂದು ವರ್ಷ. ಅಷ್ಟರಲ್ಲಿ ಹನ್ನೊಂದು ಕಿಲೋ ಏರಿದ್ದಳು.

ತೂಕದ ಯಂತ್ರ ಹಿಡಿದು ಬಂದ ನರ್ಸಮ್ಮನಿಗೆ ಅವಳು ಖಡಾಖಂಡಿತವಾಗಿ ಹೇಳಿದಳು. “ಎಣ್ಣೆ ಪದಾರ್ಥ ಮುಟ್ಟಲ್ಲ, ಸಿಹಿ ತಿನ್ನಲ್ಲ. ನಂದು ಗಾಳಿ ಕುಡಿದ್ರೂ ಊದೋ ಮೈ.”

“ಗಾಳೀಲಿ ಕ್ಯಾಲೊರಿ ಇರಲ್ಲ ಕಣಕ್ಕ. ಬೆಳಗ್ಗೆ ಎಷ್ಟು ಅಕ್ಕಿ ಹಾಕ್ತೀರಿ?”

“ಎರಡು ಲೋಟ.”

“ಮನೇಲಿ ಇನ್ಯಾರಿದಾರೆ?”

ಹೊಲಿಗೆಯಕ್ಕ ಕತ್ತರಿ ಕೆಳಗಿಟ್ಟಳು. “ಒಂದು ನಂದು, ಒಂದು ಅವರದು. ಕೈ ತಾನಾಗೇ ಹಾಕುತ್ತೆ. ಅವರ ಪಾಲು ಚೆಲ್ಲೋಕೆ ಮನಸ್ಸು ಬರಲ್ಲ, ನಾನೇ ತಿಂತೀನಿ. ತಿನ್ನೋವಷ್ಟು ಹೊತ್ತು ಅವರು ಇಲ್ಲೇ ಕೂತಿದಾರೆ ಅನಿಸುತ್ತೆ.”

ಇಂಥವಳಿಗೆ ಕ್ಯಾಲೊರಿ ಪಾಠ ಹೇಳುವುದು ಹೇಗೆ? ನರ್ಸಮ್ಮ ತೂಕದ ಯಂತ್ರ ಬದಿಗಿಟ್ಟು ಅವಳ ಪಕ್ಕದಲ್ಲಿ ಕೂತಳು.

“ಅಕ್ಕ, ಊಟದಲ್ಲಿರೋ ಶಕ್ತಿ ಅಳೆಯೋ ಲೆಕ್ಕಾನೇ ಕ್ಯಾಲೊರಿ. ಭಾವ ಗೋದಾಮಲ್ಲಿ ಮೂಟೆ ಹೊರ್ತಿದ್ರು. ತಿಂದಿದ್ದೆಲ್ಲ ಸಂಜೆಯೊಳಗೆ ಖರ್ಚು. ನೀವು ಮಷಿನ್ ಮುಂದೆ ಕೂತೋರು. ಖರ್ಚಾಗದೆ ಉಳಿದಿದ್ದು ಕೊಬ್ಬಾಗಿ ಕೂರುತ್ತೆ, ಅನ್ನವಾದ್ರೂ ಅಷ್ಟೇ, ಸಿಹಿಯಾದ್ರೂ ಅಷ್ಟೇ.”

“ಒಂದೇ ಲೋಟ ಹಾಕಿದ್ರೆ ಅವರಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಲ್ವಾ?” ಹೊಲಿಗೆಯಕ್ಕನ ಕಣ್ಣು ತುಂಬಿತು.

“ಎರಡೇ ಹಾಕಿ. ಆದ್ರೆ ಅವರ ಪಾಲು ಮೂಟೆ ಹೊರೋರ ಹೊಟ್ಟೆಗೇ ಹೋಗ್ಲಿ.”

ಮರುದಿನ ಮಧ್ಯಾಹ್ನ ಹೊಲಿಗೆಯಕ್ಕ ಗಂಡನ ಊಟದ ಡಬ್ಬಿ ತೊಳೆದು, ತುಂಬಿ, ಗೋದಾಮಿನ ದಾರಿ ಹಿಡಿದಳು. ಹೋಗಿ ಬರಲು ಮುಕ್ಕಾಲು ಗಂಟೆಯ ನಡಿಗೆ. ಅಲ್ಲಿ ಗಂಡನ ಜೊತೆಗಾರ, ಬ್ರೆಡ್ಡು ಟೀಯಲ್ಲೇ ಮಧ್ಯಾಹ್ನ ಕಳೆಯುವ ಒಣಕಲು ಮುದುಕ, ಡಬ್ಬಿಯನ್ನು ನೋಡಿದ ಕೂಡಲೇ ಗುರುತು ಹಿಡಿದ.

“ಈ ಬಿಗಿ ಮುಚ್ಚಳ ತೆಗೆಯೋವಾಗ ಅವನು ದಿನಾ ಗೊಣಗ್ತಿದ್ದ ಕಣಮ್ಮ,” ಎಂದ.

ಒಂದು ವರ್ಷದ ಮೇಲೆ ಹೊಲಿಗೆಯಕ್ಕ ಅಂದು ನಕ್ಕಳು.

ಆರು ತಿಂಗಳಲ್ಲಿ ಅವಳು ಐದು ಕಿಲೋ ಇಳಿದಳು, ಮುದುಕ ಎರಡು ಕಿಲೋ ಏರಿದ. ಮೆಟ್ಟಿಲನ್ನು ಈಗ ನಿಲ್ಲದೆ ಹತ್ತುತ್ತಾಳೆ. ಗಂಡನ ನೆನಪೇನೂ ಕಡಿಮೆಯಾಗಿಲ್ಲ. ಆದರೆ ಡಬ್ಬಿ ದಿನಾ ಖಾಲಿಯಾಗಿ ಮನೆಗೆ ಬರುತ್ತದೆ, ಅವನಿದ್ದಾಗ ಬರುತ್ತಿದ್ದ ಹಾಗೆಯೇ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಉಪವಾಸ ಕೂರಬೇಡಿ. ನಿಮ್ಮ ಮೈ ಇಂದು ಮಾಡುವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಉಣ್ಣಿ. ಅಕ್ಕಿ ಅಳೆಯುವಾಗ ಒಂದು ಗಳಿಗೆ ಕೈ ತಡೆದು ನೋಡಿ, ಇದರಲ್ಲಿ ಯಾರ ಪಾಲಿದೆ? ಹೆಚ್ಚಿದ್ದರೆ ಹಸಿದವರಿಗೆ ಕೊಡಿ. ಕೊಡಲು ನಡೆದೇ ಹೋಗಿ.