ಸೀಟಿಯಿಲ್ಲದ ಆಟ

"ಸೀಟಿ ಕೊಡು," ಎಂದು ಮಗಳು ಮೈದಾನದ ಗೇಟಿನಲ್ಲಿ ಕೈ ಚಾಚಿದಳು.

"ಊದಲ್ಲ ಅಂದ್ನಲ್ಲೇ."

"ಹೋದ ವಾರಾನೂ ಹಾಗೇ ಅಂದಿದ್ದೆ. ಕೊಡಮ್ಮ."

ತಾಯಿ ಬಸ್ ಕಂಡಕ್ಟರ್. ಬೆಳಗಿನ ಪಾಳಿ ಮುಗಿಸಿ ಡಿಪೋದಿಂದ ನೇರವಾಗಿ ಬಂದಿದ್ದಳು. ಸಮವಸ್ತ್ರದ ಜೇಬಿನಿಂದ ಸೀಟಿಯನ್ನು ತೆಗೆದು ಮಗಳ ಅಂಗೈಯ ಮೇಲಿಟ್ಟಳು.

"ಎದುರು ತಂಡದವರ ಕಡೆ ಹೋಗಿ ಕೂತ್ಕೋ, ಕೊನೇ ಸಾಲಲ್ಲಿ. ನಮ್ಮ ಕಡೆಯವರಿಗೆಲ್ಲ ನಿನ್ನ ಮುಖ ಗೊತ್ತು. ನನ್ನ ಹೆಸರು ಕೂಗಬೇಡ. ಒಂದು ಸಲ ಕೂಗಿದ್ರೂ ಅಷ್ಟೆ, ಇನ್ಮೇಲೆ ನೀನು ನನ್ನ ಆಟಕ್ಕೆ ಬರೋ ಹಾಗಿಲ್ಲ."

"ಹೆತ್ತೋಳಿಗೆ ಇಷ್ಟೊಂದು ಕಂಡೀಷನ್ನಾ? ಟಿಕೆಟ್ ತಗೊಳ್ಳದೋರಿಗೂ ನಾನು ಇಷ್ಟು ಹೇಳಲ್ಲ."

ಮಗಳು ನಗಲಿಲ್ಲ.

ನಗದಿರುವುದಕ್ಕೆ ಕಾರಣವಿತ್ತು. ಹಿಂದಿನ ವಾರದ ಬೇಸ್‌ಬಾಲ್ ಪಂದ್ಯದಲ್ಲಿ ಅವಳು ಎರಡನೆಯ ಬೇಸಿನಿಂದ ಮೂರನೆಯದಕ್ಕೆ ಓಡುತ್ತಿದ್ದಾಗ ತಾಯಿ ಹುರುಪು ತಡೆಯಲಾರದೆ ಸೀಟಿ ಊದಿದ್ದಳು. ಬಸ್ಸಿನಲ್ಲಿ ಒಂದು ಸೀಟಿಯೆಂದರೆ ನಿಲ್ಲು, ಎರಡೆಂದರೆ ಹೊರಡು. ಆಕೆ ಊದಬೇಕೆಂದಿದ್ದುದು ಎರಡು. ಆದರೆ ಶಾಲೆ ಬಿಟ್ಟ ಮೇಲೆ ಅಮ್ಮನ ಬಸ್ಸಿನಲ್ಲೇ ಕುಳಿತು ಬೆಳೆದ ಹುಡುಗಿ ಮೊದಲನೆಯದು ಕಿವಿಗೆ ಬಿದ್ದೊಡನೆ ಗಕ್ಕನೆ ನಿಂತುಬಿಟ್ಟಳು. ಎರಡನೆಯದು ಹೊರಡುವಷ್ಟರಲ್ಲಿ ಅವಳು ಔಟಾಗಿದ್ದಳು. ಸುದ್ದಿ ಎಲ್ಲ ತಂಡಗಳಿಗೂ ಹರಡಿತು. ಈಗ ಎದುರಾಳಿಗಳ ಬಾಯಲ್ಲಿ ಅವಳ ಹೆಸರೇ ಸೀಟಿ.

ಕೊನೆಯ ಸಾಲಿನಲ್ಲಿ ಒಬ್ಬ ಅಜ್ಜಿ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದಳು. ತಾಯಿ ಆಕೆಯ ಪಕ್ಕದಲ್ಲಿ ಕುಳಿತು ಕೈಕಟ್ಟಿಕೊಂಡಳು. ಮಗಳನ್ನು ಎಂದಿನಂತೆ ಮೈದಾನದ ಬಲಮೂಲೆಯಲ್ಲಿ, ಎಲ್ಲರಿಗಿಂತ ದೂರದಲ್ಲಿ ನಿಲ್ಲಿಸಿದ್ದರು. ಚೆಂಡು ಅತ್ತ ಸುಳಿಯುತ್ತಿರಲಿಲ್ಲ.

"ಆ ಮೂಲೆಯ ಹುಡುಗಿಗೆ ಏನು ಕೆಲಸ ಅಜ್ಜಿ? ಹುಲ್ಲು ಕಾಯೋದಾ?" ತಾಯಿ ಗುರುತು ಹೇಳದೆ ಕೇಳಿದಳು. "ಆಗಿನಿಂದ ಅವಳನ್ನೇ ನೋಡ್ತಿದೀನಿ, ಸುಮ್ಮನೆ ನಿಂತಿದಾಳೆ."

"ಅವಳನ್ನ ಮಾತ್ರ ನೋಡಿದ್ರೆ ಹಾಗೇ ಕಾಣೋದಮ್ಮ. ಇಲ್ಲಿ ಚೆಂಡು ಹೊಡೆದಾಗ ಅಲ್ಲಿ ಅವಳೇನು ಮಾಡ್ತಾಳೆ, ಎರಡನ್ನೂ ಸೇರಿಸಿ ನೋಡು."

ಹೊಡೆದ ಚೆಂಡು ನೆಲದ ಮೇಲೆ ಉರುಳಿತು. ಮೂರನೆಯ ಬೇಸಿನ ಬಳಿಯಿದ್ದವಳು ಅದನ್ನು ಹೆಕ್ಕಿ, ಹೊಡೆದವಳು ಓಡಿ ಮುಟ್ಟುವ ಮೊದಲೇ ಚೆಂಡು ತಲುಪಲೆಂದು ಮೊದಲ ಬೇಸಿಗೆ ಎಸೆದಳು. ಅದೇ ಗಳಿಗೆಯಲ್ಲಿ ಮಗಳು ಮೂಲೆಯಿಂದ ಹೊರಟು, ಮೊದಲ ಬೇಸಿನ ಹಿಂದಕ್ಕೆ ಒಂದೇ ಉಸಿರಿಗೆ ಓಡಿ ಬಂದಳು. ಎಸೆತ ಸರಿಯಾಗಿ ಕೈಸೇರಿತು. ಅವಳ ಅಗತ್ಯ ಬೀಳಲಿಲ್ಲ. ಅವಳು ತಿರುಗಿ ತನ್ನ ಮೂಲೆಗೆ ನಡೆದಳು. ಮುಂದಿನ ಹೊಡೆತಕ್ಕೆ ಮತ್ತೆ ಓಡಿ ಬಂದಳು, ಮತ್ತೆ ನಡೆದುಹೋದಳು.

"ಎಸೆತ ತಪ್ಪಿದ್ರೆ ಹಿಡಿಯೋಕೆ," ಎಂದಳು ಅಜ್ಜಿ. "ತಪ್ಪೋದು ಅಪರೂಪ. ಓಡೋದು ಮಾತ್ರ ಪ್ರತಿ ಸಲ. ನಮ್ಮ ತಂಡದಲ್ಲಿ ಆ ಜಾಗ ನನ್ನ ಮೊಮ್ಮಗಳದು. ಚೆಂಡೇ ಮುಟ್ಟದೋಳನ್ನ ಏನು ನೋಡೋದು ಅಂತ ಮನೇಲಿ ಯಾರೂ ಬರಲ್ಲ. ನಾನು ಬರ್ತೀನಿ. ತಗೋ, ಕಡಲೆಕಾಯಿ."

ತಾಯಿಯ ಚಾಚಿದ ಕೈ ಹಾಗೆಯೇ ಉಳಿಯಿತು. ಒಂದು ಹೊಡೆತಕ್ಕೆ ಒಂಬತ್ತು ಮಂದಿಯೂ ಕದಲುತ್ತಿದ್ದರು. ಚೆಂಡು ಸಿಗುತ್ತಿದ್ದುದು ಒಬ್ಬಳಿಗೋ ಇಬ್ಬರಿಗೋ. ಉಳಿದವರ ಓಟವನ್ನು ಆಕೆ ಇದುವರೆಗೆ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆಟ ಮುಗಿಯುತ್ತ ಬಂದಾಗ ಮಗಳು ಬ್ಯಾಟ್ ಹಿಡಿದು ಬಂದಳು. ಎರಡು ಸಾಲು ಮುಂದೆ ಕೂತಿದ್ದ ಟೋಪಿಯವನೊಬ್ಬ ಎದ್ದು ನಿಂತ.

"ಏ ಸೀಟೀ! ಸ್ಟಾಪ್ ಬಂತು, ಇಳಿಯೇ!"

ಸುತ್ತಲಿನವರು ನಕ್ಕರು. ತಾಯಿ ಬೆಂಚಿನ ಅಂಚನ್ನು ಬಿಗಿಹಿಡಿದಳು.

ಹೊಡೆದ ಚೆಂಡು ಮೂರನೆಯ ಬೇಸಿನತ್ತ ಉರುಳಿತು. ಮಗಳು ಓಡಿದಳು. ಟೋಪಿಯವನು ಎರಡು ಬೆರಳು ಬಾಯಿಗಿಟ್ಟು ಒಂದೇ ಒಂದು ಸಲ, ಉದ್ದಕ್ಕೆ, ಸಿಳ್ಳೆ ಹಾಕಿದ. ಅವಳ ಹೆಗಲು ಬೆಚ್ಚಿದ್ದು ಕೊನೆಯ ಸಾಲಿಗೂ ಕಂಡಿತು. ಕಾಲು ನಿಲ್ಲಲಿಲ್ಲ. ಅಲ್ಲಿಂದ ಬಂದ ಎಸೆತ ಮೊದಲ ಬೇಸಿನವಳ ತಲೆಯ ಮೇಲೆ ಹಾರಿಹೋಯಿತು. ಮಗಳು ಬೇಸನ್ನು ತುಳಿದು ಮುಂದೆ ಸಾಗಿದಳು. ಆಗ ಅವನು ಎರಡು ಸಲ ಹಾಕಿದ. ಹೊರಡು.

ಅವಳು ಎರಡನೆಯ ಬೇಸಿಗೆ ಹೊರಟಿದ್ದರೆ ಕೆಟ್ಟಿತ್ತು, ಔಟಾಗುತ್ತಿದ್ದಳು. ಬಲಮೂಲೆಯಿಂದ ಅಜ್ಜಿಯ ಮೊಮ್ಮಗಳು ಹೊಡೆತದ ಸದ್ದಿಗೇ ಹೊರಟು ಬರುತ್ತಿದ್ದುದನ್ನು ತಾಯಿ ಆಗಲೇ ಕಂಡಿದ್ದಳು. ಚೆಂಡು ಪುಟಿದು ನೇರವಾಗಿ ಆ ಹುಡುಗಿಯ ಕೈಗೆ ಬಿತ್ತು. ಮಗಳ ಹೆಸರು ತಾಯಿಯ ನಾಲಿಗೆಯ ತುದಿಗೆ ಬಂತು. ಆಕೆ ತುಟಿ ಕಚ್ಚಿದಳು. ಮಗಳು ಸಿಳ್ಳೆ ಬಂದ ಕಡೆ ನೋಡಲಿಲ್ಲ, ಬಲಮೂಲೆಯ ಕಡೆ ನೋಡಿದಳು. ಹಿಂತಿರುಗಿ ಬಂದು ಬೇಸಿನ ಮೇಲೆ ಕಾಲೂರಿ ನಿಂತಳು.

ತಾಯಿ ಎದ್ದು ಚಪ್ಪಾಳೆ ತಟ್ಟತೊಡಗಿದಳು. ಬೇರಾರೂ ತಟ್ಟುತ್ತಿರಲಿಲ್ಲ.

ಟೋಪಿಯವನು ತಿರುಗಿದ. "ಯಾರಿಗಮ್ಮ ಚಪ್ಪಾಳೆ? ಅವಳು ಔಟಾಗಲಿಲ್ಲ."

"ನಿಮ್ಮ ಹುಡುಗೀಗೆ ಕಣಯ್ಯಾ! ಅಷ್ಟು ದೂರದಿಂದ ಓಡಿ ಬಂದು ಎರಡನೇ ಬೇಸ್ ಉಳಿಸಿದಳಲ್ಲ, ನೋಡ್ಲಿಲ್ವಾ? ಊದೋಕೆ ಬಾಯಿದೆ, ನೋಡೋಕೆ ಕಣ್ಣಿಲ್ವಾ?"

"ಕೇಳೋಕೆ ನೀನ್ಯಾರು?"

"ಆ ಸೀಟಿಯ ಅಮ್ಮ. ಹೋದ ವಾರ ಊದಿದ್ದು ನಾನೇ." ಕಿಕ್ಕಿರಿದ ಬಸ್ಸಿನ ಹಿಂದಿನಿಂದ ಮುಂದಿನವರೆಗೆ ತಲುಪಿ ರೂಢಿಯಾದ ದನಿ ಅದು, ಮೈದಾನದ ಆಚೆ ಬದಿಯವರೂ ತಿರುಗಿದರು. "ಇನ್ನೊಂದ್ಸಲ ಹಾಕು ನೋಡೋಣ, ಅವಳು ನಿಲ್ತಾಳಾ ಅಂತ!"

ಅಜ್ಜಿ ಆಕೆಯ ತೋಳು ಹಿಡಿದು ಜಗ್ಗಿದಳು. "ಕೂತ್ಕೊಳ್ಳೇ ತಾಯಿ."

"ನಾನು ಹೆಸರು ಕೂಗಿಲ್ಲ ಅಜ್ಜಿ. ನೀವೇ ಸಾಕ್ಷಿ."

ಆಕೆ ಕುಳಿತುಕೊಳ್ಳಲಿಲ್ಲ, ಚಪ್ಪಾಳೆಯನ್ನೂ ಬಿಡಲಿಲ್ಲ. ಟೋಪಿಯವನ ಬೆರಳುಗಳು ಬಾಯಿಯವರೆಗೆ ಹೋಗಿ ಕೆಳಗಿಳಿದವು. ಅಜ್ಜಿ ಸಿಪ್ಪೆಗಳನ್ನು ಮಡಿಲಿನಿಂದ ಕೊಡವಿ, ತಾನೂ ಎದ್ದು ನಿಂತಳು.

ಮಗಳು ಬೇಸಿನ ಮೇಲೆಯೇ ನಿಂತಿದ್ದಳು, ಇತ್ತ ಮುಖ ತಿರುಗಿಸಲಿಲ್ಲ. ಅವಳ ಆಚೆಗೆ, ಚೆಂಡನ್ನು ಹಿಂದಿರುಗಿಸಿದ ಆ ಹುಡುಗಿ ತಲೆ ತಗ್ಗಿಸಿ ಬಲಮೂಲೆಗೆ ನಡೆಯುತ್ತಿದ್ದಳು. ತಾಯಿಯ ಕಣ್ಣು ಅವಳ ಹಿಂದೆಯೇ ಹೋಯಿತು. ಮೂಲೆಯಲ್ಲಿ ಹುಲ್ಲು ಸವೆದು ಮಣ್ಣು ಕಾಣುತ್ತಿದ್ದ ಮೊರದಗಲದ ಜಾಗವಿತ್ತು. ಸ್ವಲ್ಪ ಹೊತ್ತಿನ ಹಿಂದೆ ಮಗಳು ನಿಂತಿದ್ದುದು ಅಲ್ಲಿಯೇ. ಹುಡುಗಿ ಅಲ್ಲಿಗೆ ಹೋಗಿ, ಇತ್ತ ತಿರುಗಿ, ಅದರ ಮೇಲೆ ಕಾಲಿಟ್ಟು, ಮೊಣಕಾಲುಗಳ ಮೇಲೆ ಕೈಯೂರಿ ಬಾಗಿದಳು.