ಜಗಲಿಯ ಮೇಲೆ ಚಂದ್ರನ ನಾಣ್ಯ

ಭೀಮೆಯ ಮಹಾಪೂರ ಕಲ್ಯಾಣಕುಮಾರನನ್ನು ಒಯ್ದು ವರ್ಷವಾಗಿತ್ತು. ಹೆಣ ಸಿಕ್ಕಿರಲಿಲ್ಲ. ಹೆಣವೇ ಸಿಗದವನಿಗೆ ಸಾವೆಲ್ಲಿಯದು ಎಂದು ಅವನ ಹೆಂಡತಿ ಭುವನೇಶ್ವರಿ ಹಣೆಯ ಕುಂಕುಮ ಅಳಿಸಿರಲಿಲ್ಲ. ಅಫಜಲಪುರದ ಮಂದಿಯ ಬಾಯಿಗೆ ಬೀಗವುಂಟೇ, ಆಡಿಕೊಂಡರು. ಆಡಿಕೊಳ್ಳಲಿ. ಅವಳ ಹತ್ತಿರ ಪುರಾವೆ ಇತ್ತು.

ಅವನು ಬಸ್ಸಿನ ಕಂಡಕ್ಟರ್. ದಿನವಿಡೀ ಚಿಲ್ಲರೆ ಎಣಿಸಿ ಮನೆಗೆ ಬಂದ ಮೇಲೂ ಆ ಪುಣ್ಯಾತ್ಮನಿಗೆ ನಾಣ್ಯವೇ ಬೇಕು. ಬಾಹ್ಯಾಕಾಶದ ಸಾಹಸಗಳ ನೆನಪಿಗೆ ದೇಶದೇಶಗಳು ಹೊರಡಿಸಿದ ನಾಣ್ಯಗಳನ್ನು ಟಪಾಲಿನಲ್ಲಿ ತರಿಸುತ್ತಿದ್ದ. ಉಪಗ್ರಹ, ರಾಕೆಟ್ಟು, ಆಕಾಶಕ್ಕೆ ಹೋದ ನಾಯಿ. ದೀಪ ಹಚ್ಚುವ ಹೊತ್ತಿಗೆ ತಗಡಿನ ಡಬ್ಬಿ ತೆರೆದು ಒಂದೊಂದನ್ನೇ ಒರೆಸಿಡುವನು. ಅವನು ಹೋದ ಮೇಲೂ ಅದೇ ಹೊತ್ತಿಗೆ ಆ ಡಬ್ಬಿಯೊಳಗೆ ಟಿಣ್ ಟಿಣ್ ಎಂದು ಸಪ್ಪಳವಾಗುತ್ತಿತ್ತು. ಬೇರೆ ಯಾರಿಗೂ ಕೇಳದು, ಅವಳಿಗೆ ಮಾತ್ರ. ಎಲ್ಲೋ ಇದ್ದಾನೆ, ಬರುತ್ತಾನೆ ಎಂಬ ಆ ಧೈರ್ಯದ ಮೇಲೆ ಎರಡು ರೊಟ್ಟಿ ಉಣ್ಣುತ್ತಿದ್ದಳು.

ಆ ಮನೆತನದಲ್ಲಿ ಸತ್ತವರಿಗೆಲ್ಲ ದೇವರ ಜಗಲಿಯ ಮೇಲೆ ಜಾಗವುಂಟು. ಅವರ ರೂಪ ಒತ್ತಿದ ಬೆಳ್ಳಿಯ ಬಿಲ್ಲೆ ಮಾಡಿಸಿ, ಟಾಕು ಎಂದು ಕರೆದು, ಅಲ್ಲಿ ಕೂಡಿಸಿ ಪೂಜಿಸುತ್ತಾರೆ. ಕೂಡಿಸುವವರೆಗೆ ಸತ್ತವರು ನೆಲೆಯಿಲ್ಲದೆ ಅಲೆಯುತ್ತಾರೆಂದು ನಂಬಿಕೆ. ಮಗನದನ್ನೂ ಮಾಡಿಸೋಣವೆಂದು ಮಾವ ಸೈದಪ್ಪ ಬಾಯಿ ತೆರೆದಾಗಲೆಲ್ಲ ಭುವನೇಶ್ವರಿ ಎದ್ದು ಹೋಗುತ್ತಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ನೋಡಿದರೆ ಜಗಲಿಯ ಮೇಲೆ ಹೊಸದೊಂದು ಬಿಲ್ಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಗಂಡನ ಡಬ್ಬಿಯಲ್ಲಿದ್ದ, ಚಂದ್ರನ ಮೇಲೆ ನಿಂತ ಮನುಷ್ಯನ ಬೆಳ್ಳಿ ನಾಣ್ಯ.

"ಅತ್ತಿ, ಇದನ್ಯಾಕ ಇಲ್ಲಿ ಇಟ್ಟೀರಿ?"

ಅತ್ತೆ ಸಕ್ಕುಬಾಯಿಯ ಕಣ್ಣಿಗೆ ಪೊರೆ ಬಂದಿತ್ತು. "ನಿಮ್ಮ ಮಾವ ಟಾಕು ಮಾಡಿಸ್ಯಾರ. ನಿನಗ ಅಂಜಿ ಡಬ್ಬ್ಯಾಗ ಮುಚ್ಚಿಟ್ಟಿದ್ರು. ಕೈಯಾಡಿಸಿ ನೋಡಿದೆ, ನಿಂತ ಆಳು ಬೆರಳಿಗಿ ಹತ್ತಿದ. ಮುಖಾನ ಮೂಡಿಲ್ಲ ಬೇ. ಇರ್ಲಿ. ನನ್ನ ಮಗನ ಮುಖ ಕಡೀಕ ಯಾರು ನೋಡ್ಯಾರ?"

ಆ ಚಂದ್ರಯಾತ್ರಿಯ ಗಾಜಿನ ಟೊಪ್ಪಿಗೆಯೊಳಗೆ ಮುಖವಿರಲಿಲ್ಲ, ನಿಜ. ಅದು ಟಾಕಲ್ಲ, ಬರೀ ನಾಣ್ಯ ಎನ್ನಬೇಕೆಂದುಕೊಂಡಳು. ಮುದುಕಿ ಅಳುತ್ತಿದ್ದಳು. ಭುವನೇಶ್ವರಿ ನಾಣ್ಯವನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದಳು.

ಆ ಸಂಜೆ ಡಬ್ಬಿ ಸದ್ದು ಮಾಡಲಿಲ್ಲ. ಮರುದಿನವೂ ಇಲ್ಲ. ಮನೆ ಬಿಕೋ ಎಂದಿತು. ಅವಳಿಗೆ ಭಯವಾಯಿತು, ಅತ್ತೆಯ ಮೇಲೆ ಸಿಟ್ಟೂ ಬಂತು. ತಡೆಯಲಾರದೆ ಒಂದು ಮುಸ್ಸಂಜೆ ನಾಣ್ಯವನ್ನು ಜಗಲಿಯಿಂದ ಎತ್ತಿ ತಂದು ಡಬ್ಬಿಗೆ ಹಾಕಿ, ಮುಚ್ಚಿ, ಎದುರಿಗೆ ಕೂತಳು.

ಟಿಣ್. ಟಿಣ್.

"ಬಂದ್ರಿ?" ಎಂದು ಮುಚ್ಚಳ ತೆಗೆದಳು.

ನಾಣ್ಯಗಳೆಲ್ಲ ತೊಯ್ದಿದ್ದವು. ಹೊಳೆಯ ಕೆಸರಿನ ನಾತ ಮೂಗಿಗೆ ಬಡಿಯಿತು. ಅವನು ಎಲ್ಲಿಂದ ಬರುತ್ತಿದ್ದನೆಂದು ಆಗ ಅವಳಿಗೆ ತಿಳಿಯಿತು. ತನ್ನ ಹಟವೇ ಅವನನ್ನು ವರ್ಷವೆಲ್ಲ, ಸಂಜೆ ಸಂಜೆಗೂ, ಆ ನೀರಿನೊಳಗಿಂದ ಎಳೆದು ತಂದಿತ್ತು.

ಬಾಗಿಲಲ್ಲಿ ಸಕ್ಕುಬಾಯಿ ನಿಂತಿದ್ದಳು. "ಕೂಡಿಸಿದವನ್ನ ಎಬ್ಬಿಸಿದೆಲ್ಲ ಬೇ. ಈಗ ನಾ ಕರದ್ರ ಬರೂದಿಲ್ಲ. ಎಬ್ಬಿಸಿದಾಕಿನೇ ಹೆಸರು ಹಿಡದು ಕರೀಬೇಕು."

ಭುವನೇಶ್ವರಿ ನಾಣ್ಯವನ್ನು ಸೆರಗಿನಿಂದ ಒರೆಸಿ ಜಗಲಿಗೆ ಒಯ್ದಳು. ಗಂಡನ ಹೆಸರು ಅವಳ ಬಾಯಲ್ಲಿ ಎಂದೂ ಬಂದಿರಲಿಲ್ಲ.

"ಕಲ್ಯಾಣಕುಮಾರ," ಎಂದಳು. "ಭಾಳ ದಣದೀರಿ. ಇನ್ನ ಕುಂದರ್ರಿ."