ದೇವರಾಜ ಕೊಟ್ಟ ಸ್ಯಾಂಪಲ್

ಪೀಣ್ಯದ ಆ ಕಾರ್ಖಾನೆಯಲ್ಲಿ ಕಬ್ಬಿಣ ಕಾಯಿಸಿ ಬಡಿಯುವ ಕೆಲಸ. ಹಗಲು ಪಾಳಿಯಲ್ಲಿ ನೆಲದ ಮೇಲೆ ದುಡಿಯುವವರು ನೂರಾರು ಜನ, ಮೇಲೆ ಕೂರುವವನು ದೇವರಾಜ ಒಬ್ಬನೇ. ಛಾವಣಿಯ ಕೆಳಗೆ ಆ ಗೋಡೆಯಿಂದ ಈ ಗೋಡೆಗೆ ಓಡಾಡುವ ದೊಡ್ಡ ಕ್ರೇನಿನ ಕ್ಯಾಬಿನ್ನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದಾನೆ. ಬೆಳಗ್ಗೆ ಏಣಿ ಹತ್ತಿದರೆ ಊಟದ ಹೊತ್ತಿಗೇ ಇಳಿಯುವುದು. ಮಧ್ಯೆ ಹೊಟ್ಟೆ ಕರೆಯಿತು ಅಂತ ಇಳಿಯೋಕಾಗುತ್ತದೆಯೇ? ಕೊಕ್ಕೆಯಲ್ಲಿ ಕೆಂಡದಂಥ ಕಬ್ಬಿಣ ನೇತಾಡುತ್ತಿರುತ್ತದೆ. ತನ್ನ ಹೊಟ್ಟೆ ಗಡಿಯಾರದ ಮಾತು ಕೇಳುತ್ತದೆ ಅಂತ ಅವನು ಹೇಳಿಕೊಳ್ಳುತ್ತಿದ್ದ. ಜಂಭವೇ ಅನ್ನಿ.

ಕಳೆದ ಯುಗಾದಿಯ ಹೊತ್ತಿಗೆ ಆ ಹೊಟ್ಟೆ ಮಾತು ಕೇಳುವುದನ್ನು ಬಿಟ್ಟಿತು. ಎರಡು ದಿನ ಕಟ್ಟಿಕೊಳ್ಳುವುದು, ಮೂರನೇ ದಿನ ಅವಸರ ಮಾಡುವುದು. ಆಮೇಲೊಂದು ಬೆಳಗ್ಗೆ ಕಕ್ಕಸಿನಲ್ಲಿ ಕೆಂಪಗೆ ಕಂಡಿತು. ಒಂದು ಚೊಂಬು ನೀರು ಸುರಿದ, ಬಗ್ಗಿ ನೋಡಿದ, ಇನ್ನೊಂದು ಚೊಂಬು ಸುರಿದ, ಬಾಗಿಲು ತೆಗೆದು ಹೊರಗೆ ಬಂದು ಹಲ್ಲುಜ್ಜಿದ. ಯಾರಿಗೂ ಹೇಳಲಿಲ್ಲ.

ಆ ಕಾರ್ಖಾನೆಯಲ್ಲಿ ಎಲ್ಲ ಕಾಯಿಲೆಗೂ ಹೆಸರು ಒಂದೇ, ಉಷ್ಣ. ಬಾಯಿ ಹುಣ್ಣಾದರೆ ಉಷ್ಣ, ಕಣ್ಣು ಉರಿದರೆ ಉಷ್ಣ, ತಲೆ ಸಿಡಿದರೆ ಉಷ್ಣ. ಕುಲುಮೆಯ ಝಳ ದಿನವಿಡೀ ಮೇಲಕ್ಕೇ ಏರುವುದರಿಂದ ಅದರ ನೆತ್ತಿಯ ಮೇಲೆ ಕೂರುವವನಿಗೆ ಉಷ್ಣ ರಕ್ತವಾಗಿ ಇಳಿಯುವುದರಲ್ಲಿ ಏನು ಆಶ್ಚರ್ಯ ಅಂತ ದೇವರಾಜ ತನಗೆ ತಾನೇ ಡಾಕ್ಟರಾದ. ಕಾಫಿ ಬಿಟ್ಟ. ಬೆಳಗ್ಗೆ ಮೆಂತ್ಯ ನೆನೆಸಿದ ನೀರು, ಸಂಜೆ ಕಾಮಕಸ್ತೂರಿ ಬೀಜದ ಪಾನಕ, ಭಾನುವಾರ ನೆತ್ತಿಗೆ ಹರಳೆಣ್ಣೆ. ವಾರ ನಿಂತ ಹಾಗೆ ಅನಿಸುವುದು, ಮತ್ತೆ ಬರುವುದು. ಹೀಗೆ ಎಂಟು ತಿಂಗಳು ಕಳೆಯಿತು ಮಹಾರಾಯನದು.

ಹೆಂಡತಿ ಶೋಭಾರಾಣಿಗೆ ಇದಾವುದೂ ತಿಳಿಯದು. ಬಾಗಲಗುಂಟೆಯ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಅವಳು ಬ್ಲೌಸು ಹೊಲಿಯುತ್ತಾಳೆ. ಅವಳಿಗೂ ಈಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು, ನಾಲ್ಕು ಬ್ಲೌಸು ಹೊಲಿಯುವ ಹೊತ್ತಿನಲ್ಲಿ ಎರಡು ಮುಗಿದರೆ ಹೆಚ್ಚು. ಬೀದಿಯ ಕ್ಲಿನಿಕ್ಕಿನಲ್ಲಿ ರಕ್ತ ಕಮ್ಮಿ ಅಂತ ಮಾತ್ರೆ ಬರೆದುಕೊಟ್ಟಿದ್ದರು. ನಲವತ್ತೇಳಾಯಿತು, ಮುಟ್ಟು ನಿಲ್ಲುವ ವಯಸ್ಸು, ಇರುವುದೇ ಹೀಗೆ ಅಂತ ನುಂಗುತ್ತಿದ್ದಳು. ತನ್ನ ಬ್ಲೌಸುಗಳನ್ನೆಲ್ಲ ಎರಡು ಸಲ ಬಿಗಿ ಮಾಡಿ ಹೊಲಿದುಕೊಂಡಿದ್ದಳು. ಗಂಡ ಅದನ್ನು ಗಮನಿಸಲಿಲ್ಲ.

ನವೆಂಬರಿನಲ್ಲಿ ಕಾರ್ಖಾನೆಯ ವರ್ಷದ ಮೆಡಿಕಲ್ ಬಂತು. ಕ್ರೇನಿನವರಿಗೆ ಇದು ಪರೀಕ್ಷೆಯ ಹಾಗೆ. ಫಿಟ್ ಅಂತ ಬರೆದರೆ ಏಣಿ, ಇಲ್ಲದಿದ್ದರೆ ನೆಲ. ಮೂರು ವರ್ಷದ ಹಿಂದೆ ಮುರಿಗೆಪ್ಪ ಅನ್ನುವ ಆಪರೇಟರನ್ನು ಸಕ್ಕರೆ ಜಾಸ್ತಿ ಅಂತ ಇಳಿಸಿದ್ದರು. ಅವನೀಗ ಸ್ಟೋರಿನ ಕಿಟಕಿಯಲ್ಲಿ ಕೂತು ಕೈಗವಸು ಹಂಚುತ್ತಾನೆ. ಆ ಕಿಟಕಿ ಬಂದಾಗಲೆಲ್ಲ ದೇವರಾಜ ಬೇರೆ ಕಡೆ ನೋಡಿಕೊಂಡು ದಾಟುತ್ತಿದ್ದ.

ಈ ಸಲ ಹೊಸದೊಂದು ಸೇರಿತ್ತು. ಕಾರ್ಖಾನೆಯ ನರ್ಸ್ ಹೇಮಲತಾ ನಲವತ್ತೈದು ದಾಟಿದವರನ್ನೆಲ್ಲ ಕೂರಿಸಿ, ಕಡ್ಡಿ ಸಿಕ್ಕಿಸಿದ ಬೆರಳುದ್ದದ ಒಂದೊಂದು ಟ್ಯೂಬು ಕೊಟ್ಟಳು.

"ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದ್ರೂ ಇದು ಹಿಡಿಯುತ್ತೆ. ದೊಡ್ಡ ಕರುಳಲ್ಲಿ ಏನಾದ್ರೂ ಬೆಳೀತಿದ್ರೆ ಬೇಗ ಗೊತ್ತಾಗುತ್ತೆ. ನಗ್ಬೇಡಿ, ಎಲ್ರೂ ದಿನಾ ಮಾಡೋ ಕೆಲ್ಸಾನೇ. ಆದ್ರೆ ಯಾರಿಗಾದ್ರೂ ರಕ್ತ ಕಣ್ಣಿಗೇ ಕಾಣಿಸ್ತಿದ್ರೆ ಈ ಟ್ಯೂಬ್ ಬೇಡ, ನೇರ ನನ್ ಹತ್ರ ಬನ್ನಿ. ಮೂಲವ್ಯಾಧಿ ಅಂತಾನೋ ಉಷ್ಣ ಅಂತಾನೋ ನೀವೇ ತೀರ್ಮಾನ ಮಾಡ್ಬೇಡಿ."

ಮೂರನೇ ಸಾಲಿನಲ್ಲಿ ಕೂತಿದ್ದ ದೇವರಾಜ ತನ್ನ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡ.

ಮನೆಗೆ ಬರುವಷ್ಟರಲ್ಲಿ ಅವನ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಅಯ್ಯೋ, ಎಂಥ ಉಪಾಯ ಅಂತೀರಿ!

"ಶೋಭಾ, ಕಂಪ್ನಿಯವ್ರು ಈ ಸಲ ಮನೆಯವ್ರಿಗೂ ಟೆಸ್ಟ್ ಇಟ್ಟವ್ರೆ. ನಂದು ಅಲ್ಲೇ ಆಯ್ತು. ಇದು ನಿಂದು," ಅಂತ ಟ್ಯೂಬು ಮುಂದೆ ಹಿಡಿದ.

ಏನು, ಎತ್ತ ಅಂತ ತಿಳಿದಾಗ ಶೋಭಾರಾಣಿ ಸೆರಗು ಮೂಗಿಗೆ ಒತ್ತಿಕೊಂಡಳು. "ಥೂ! ಅದ್ನೆಲ್ಲ ಯಾರಾದ್ರೂ ಕೊಟ್ಟು ಕಳಿಸ್ತಾರೇನ್ರೀ? ಮಾನ ಮರ್ಯಾದೆ ಬೇಡ್ವಾ?"

"ಎಲ್ರ ಹೆಂಡ್ತೀರೂ ಕೊಡ್ತಾವ್ರೆ ಕಣೇ. ಕೊಡ್ಲಿಲ್ಲ ಅಂದ್ರೆ ಹೆಸ್ರು ಬರ್ಕೊತಾರೆ."

ಹೆಸರು ಬರೆದುಕೊಳ್ಳುತ್ತಾರೆ ಅಂದರೆ ಯಾರಿಗೆ ತಾನೇ ಭಯವಿಲ್ಲ? ಮರುದಿನ ಬೆಳಗ್ಗೆ ಗೊಣಗುತ್ತಲೇ ಕೊಟ್ಟಳು. ದೇವರಾಜ ಅದರ ಮೇಲೆ ತನ್ನ ಹೆಸರು, ಟೋಕನ್ ನಂಬರು ಬರೆದು ಹೇಮಲತಾಳ ಟ್ರೇಯಲ್ಲಿ ಇಟ್ಟ. ಏಣಿ ಹತ್ತುವಾಗ ಅವನಿಗೆ ಹಗುರವೆನಿಸಿತು. ಮನೆಯಲ್ಲಿ ಗಟ್ಟಿಮುಟ್ಟಾಗಿರುವವಳು ಅವಳು, ಒಂದು ದಿನ ಜ್ವರ ಅಂತ ಮಲಗಿದವಳಲ್ಲ ಅನ್ನುವುದು ಅವನ ಲೆಕ್ಕಾಚಾರ.

ಎಂಟನೇ ದಿನ ಕೆಳಗಿನಿಂದ ಕರೆ ಬಂತು. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಹೇಮಲತಾ ಬಾಗಿಲು ಹಾಕಿ ಕೂರಿಸಿದಳು.

"ದೇವರಾಜಣ್ಣ, ಗಾಬರಿ ಆಗ್ಬೇಡಿ. ನಿಮ್ ಸ್ಯಾಂಪಲ್‌ನಲ್ಲಿ ರಕ್ತ ಇದೆ. ಅಂದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ. ಆದ್ರೆ ಒಳಗೆ ಕ್ಯಾಮೆರಾ ಹಾಕಿ ನೋಡ್ಲೇಬೇಕು. ಚೀಟಿ ಬರ್ದಿದೀನಿ, ಗುರುವಾರ ಹೋಗಿ."

ದೇವರಾಜ ನಕ್ಕುಬಿಟ್ಟ. ಹೆಂಡತಿಯದು ಕೊಟ್ಟರೂ ಸಿಕ್ಕಿಬಿದ್ದೆನಲ್ಲ, ನನ್ನ ಹಣೆಬರಹವೇ ಅಂತ ನಗು ಬಂದದ್ದು. ನಗು ಬಾಯಲ್ಲಿರುವಾಗಲೇ ಅವನಿಗೆ ಇನ್ನೊಂದು ಹೊಳೆಯಿತು. ಹಾಗಾದರೆ ಅದು ಶೋಭಾಳ ರಕ್ತ.

ಚೀಟಿ ತೆಗೆದುಕೊಂಡು ಸುಮ್ಮನೆ ಹೋಗಬಹುದಿತ್ತು. ಅವಳನ್ನು ಏನಾದರೂ ನೆಪ ಹೇಳಿ ಬೇರೆಲ್ಲಾದರೂ ತೋರಿಸಬಹುದಿತ್ತು. ಆದರೆ ಏನಂತ ಹೇಳಿ ಕರೆದುಕೊಂಡು ಹೋಗುವುದು? ಸುಸ್ತು ಅಂತ ಹೇಳಿದರೆ ಮತ್ತೆ ಅದೇ ಮಾತ್ರೆ ಬರೆದು ಕಳಿಸುತ್ತಾರೆ. ಸುಳ್ಳಿನ ಮೇಲೆ ಸುಳ್ಳು ಹೇಳುತ್ತಾ ದಿನ ತಳ್ಳಿದರೆ ಒಳಗೆ ಬೆಳೆಯುವುದು ಕಾಯುತ್ತದೆಯೇ? ಮೇಲೆ ಕೊಕ್ಕೆ ಖಾಲಿ ನಿಂತಿದೆ ಅಂತ ಕೆಳಗಿನವರು ಸೀಟಿ ಊದುತ್ತಿದ್ದರು.

"ಮೇಡಂ, ಅದು ನಂದಲ್ಲ," ಅಂದ. "ನಮ್ ಮನೆಯವಳ್ದು."

ಹೇಮಲತಾ ಪೆನ್ನು ಕೆಳಗಿಟ್ಟಳು. ಎಲ್ಲ ಹೇಳಿದ. ಯುಗಾದಿಯಿಂದ ಹಿಡಿದು ಕಾಮಕಸ್ತೂರಿಯವರೆಗೆ ಒಂದೂ ಬಿಡದೆ ಹೇಳಿದ. ಕೇಳುತ್ತಾ ಕೇಳುತ್ತಾ ಅವಳಿಗೆ ಪಿತ್ತ ನೆತ್ತಿಗೇರಿತು.

"ಎಂಟು ತಿಂಗ್ಳಾ? ಐವತ್ತೊಂದು ವರ್ಷದ ಗಂಡಸು, ಎಂಟು ತಿಂಗ್ಳು ರಕ್ತ ನೋಡ್ಕೊಂಡು ಪಾನಕ ಕುಡೀತಾ ಕೂತಿದ್ರಾ? ಸಕ್ಕತ್ ಕೆಲ್ಸ ಮಾಡಿದೀರ ಬಿಡಿ! ಮೂಲವ್ಯಾಧಿನೂ ಇರ್ಬಹುದು, ಬೇರೆದೂ ಇರ್ಬಹುದು. ಹೊರಗಿಂದ ನೋಡಿ ನಾನೂ ಹೇಳಕ್ಕಾಗಲ್ಲ, ನಿಮ್ ಮೆಂತ್ಯಾನೂ ಹೇಳಲ್ಲ." ಅವಳು ಉಸಿರು ತೆಗೆದುಕೊಂಡು ಸ್ವಲ್ಪ ತಣ್ಣಗಾದಳು. "ನಿಮ್ಮವ್ರಿಗೆ ಏನಾದ್ರೂ ತೊಂದ್ರೆ ಇತ್ತಾ? ಸುಸ್ತು? ತೂಕ ಇಳಿದಿತ್ತಾ?"

ಮೆಟ್ಟಿಲ ಏದುಸಿರು ನೆನಪಾಯಿತು, ಮಾತ್ರೆಯ ಶೀಟು ನೆನಪಾಯಿತು. ತೂಕದ ವಿಷಯಕ್ಕೆ ದೇವರಾಜನಿಗೆ ಉತ್ತರ ಗೊತ್ತಿರಲಿಲ್ಲ.

"ಗುರುವಾರ ಇಬ್ರೂ ಹೋಗ್ತೀರ. ಇನ್ನೊಂದು ಚೀಟಿ ಬರೀತೀನಿ. ನಡೆದದ್ದನ್ನ ಬರವಣಿಗೆಯಲ್ಲಿ ಕೊಡಿ, ಇದನ್ನ ನಾನು ಮುಚ್ಚಿಡಕ್ಕಾಗಲ್ಲ. ರಿಪೋರ್ಟ್ ಬರೋತನಕ ನೀವು ಮೇಲೆ ಹತ್ತೋ ಹಾಗಿಲ್ಲ."

ಅವತ್ತೇ ಅವನನ್ನು ಇಳಿಸಿದರು. ಮಧ್ಯಾಹ್ನದಿಂದ ನೆಲದ ಮೇಲೆ ನಿಂತು ಕಬ್ಬಿಣಕ್ಕೆ ಸರಪಳಿ ಬಿಗಿಯುವ ಕೆಲಸ. ಯಾರೋ "ಏನ್ ಗುರು, ಭೂಮಿಗೆ ಬಂದ್ಬಿಟ್ಟೆ?" ಅಂತ ಕಿಚಾಯಿಸಿದರು. ಇಷ್ಟು ವರ್ಷ ಹೆದರಿಕೊಂಡಿದ್ದ ಅವಮಾನ ಅದೇ. ಅದು ಬಂದು ಎದುರು ನಿಂತಾಗ ಅವನಿಗೆ ಅದರ ಕಡೆ ಗಮನವೇ ಇರಲಿಲ್ಲ. ಸಂಜೆ ಮನೆಗೆ ಹೋಗಿ ಬಾಯಿ ಬಿಡುವುದು ಹೇಗೆ ಅನ್ನುವುದೊಂದೇ ಯೋಚನೆ.

ಶೋಭಾರಾಣಿ ಮಿಷನ್ನಿನ ಮುಂದೆ ಕೂತಿದ್ದಳು. ಅವನು ಬಾಗಿಲಲ್ಲೇ ನಿಂತು ಹೇಳಿದ. ಕಂಪನಿಯ ಸ್ಕೀಮು ಸುಳ್ಳು ಅಂದ, ತನಗೆ ರಕ್ತ ಹೋಗುತ್ತಿದೆ ಅಂದ, ಅವಳದನ್ನು ತನ್ನದೆಂದು ಕೊಟ್ಟೆ ಅಂದ, ಅದರಲ್ಲೂ ರಕ್ತ ಇದೆ ಅಂದ. ಅವಳು ಬಯ್ಯಲಿಲ್ಲ. ಅರ್ಧ ಹೊಲಿದ ತೋಳನ್ನು ಪೂರ್ತಿ ಮುಗಿಸಿ, ದಾರ ಕತ್ತರಿಸಿ, "ಗುರುವಾರಾನಾ?" ಅಂತ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು ಅಂತ ದೇವರಾಜನಿಗೆ ಅನಿಸಿತು.

ಬುಧವಾರದ ಪಾಡು ಕೇಳಬೇಡಿ. ಕ್ಯಾಮೆರಾ ಹಾಕುವ ಮುಂಚೆ ಕರುಳು ತೊಳೆದಿಟ್ಟ ಪಾತ್ರೆಯ ಹಾಗಿರಬೇಕಂತೆ. ಅದಕ್ಕೆ ಪುಡಿ ಕಲಸಿದ ಎರಡೆರಡು ಲೀಟರು ನೀರನ್ನು ಇಬ್ಬರೂ ಕುಡಿಯಬೇಕು. ಉಪ್ಪುಪ್ಪಾದ, ನಿಂಬೆ ವಾಸನೆಯ, ಗಂಟಲಲ್ಲಿ ಇಳಿಯದ ನೀರು. ಮನೆಯಲ್ಲಿ ಇರುವುದು ಒಂದೇ ಕಕ್ಕಸು. ಜಿಗಣಿಯಿಂದ ಬಂದಿದ್ದ ಮಗಳು ದಿವ್ಯಾ ಗಡಿಯಾರ ಹಿಡಿದು ಕೂತು ಪಂಚಾಯಿತಿ ಮಾಡಿದಳು. "ಅಪ್ಪಾ, ಸಾಕು ಬಾ, ಅಮ್ಮ ನಿಂತವ್ಳೆ!" ಅಂತ ಅವಳು ಬಾಗಿಲು ಬಡಿಯುವುದು, "ಒಂದ್ನಿಮಿಷ ಕಣೇ" ಅಂತ ಇವನು ಒಳಗಿನಿಂದ ಕೂಗುವುದು. ಕೊನೆಗೆ ಕೆಳಮನೆಯ ಬಸಮ್ಮ ತಮ್ಮ ಕಕ್ಕಸಿನ ಬಾಗಿಲು ತೆರೆದು, ಏನು ಎತ್ತ ಕೇಳದೆ ಪುಣ್ಯ ಕಟ್ಟಿಕೊಂಡರು. ಅಷ್ಟೊತ್ತಿಗೆ ಶೋಭಾರಾಣಿಯೂ ಒಮ್ಮೆ ನಕ್ಕಳು.

ಗುರುವಾರ ಆಸ್ಪತ್ರೆಯಲ್ಲಿ ಮಂಪರಿನ ಇಂಜೆಕ್ಷನ್ ಕೊಟ್ಟರು. ನೋವೇನೂ ತಿಳಿಯಲಿಲ್ಲ, ಎದ್ದಾಗ ಮುಗಿದಿತ್ತು. ಇಷ್ಟಕ್ಕೇ ಇಷ್ಟು ದಿನ ಹೆದರಿದೆನಾ ಅಂತ ದೇವರಾಜನಿಗೆ ನಾಚಿಕೆಯಾಯಿತು. ಡಾಕ್ಟರು ವಿಶ್ವನಾಥ್ ಅಂತ, ಮೆಲುಮಾತಿನ ಮನುಷ್ಯ. ದೇವರಾಜನದು ಒಳಗಿನ ಮೂಲವ್ಯಾಧಿ, ಜೊತೆಗೆ ಕಾಳಿನಷ್ಟು ಒಂದು ಗಂಟು, ಅದನ್ನು ಅಲ್ಲೇ ತೆಗೆದುಹಾಕಿದ್ದರು. ಶೋಭಾರಾಣಿಯದು ಬಲಗಡೆಯ ಕರುಳಿನಲ್ಲಿ ಗಡ್ಡೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಕ್ಯಾನ್ಸರ್ ಅಂತಲೇ ಬಂತು.

"ಬಲಗಡೆ ಆದ್ರೆ ಅಷ್ಟಷ್ಟೇ ರಕ್ತ ಹೋಗ್ತಿರುತ್ತೆ, ಕಣ್ಣಿಗೆ ಕಾಣಲ್ಲ," ಅಂತ ಡಾಕ್ಟರು ಬಿಡಿಸಿ ಹೇಳಿದರು. "ಸುಸ್ತು, ಏದುಸಿರು, ರಕ್ತ ಕಮ್ಮಿ ಆಗೋದು, ಅದೇ ಸೂಚನೆ. ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಹರಡಿದ ಹಾಗಿಲ್ಲ. ಗಡ್ಡೆ ಇರೋ ಅಷ್ಟು ಕರುಳು ತೆಗೆದು ಉಳಿದದ್ದನ್ನ ಜೋಡಿಸ್ತೀವಿ. ಮುಂದೆ ಔಷಧಿ ಬೇಕಾ ಅನ್ನೋದು ಆಮೇಲೆ ಗೊತ್ತಾಗುತ್ತೆ. ಬೇಗ ಬಂದಿದೀರ. ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ಇದೇ ಮಾತು ಹೇಳ್ತಿದ್ನೋ ಇಲ್ವೋ."

ಸುದ್ದಿ ಕಾರ್ಖಾನೆಯಲ್ಲಿ ಹರಡಿತು. ದೇವರಾಜ ಮಾಡಿದ ಮೋಸವೇ ಹೆಂಡತಿಯನ್ನು ಉಳಿಸಿತು ಅಂತ ಕ್ಯಾಂಟೀನಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ನೆಂಟರು ಫೋನಿನಲ್ಲಿ ಅದನ್ನೇ ಹೇಳಿದರು. ದೇವರೇ ಬುದ್ಧಿ ಕೊಟ್ಟ ಅಂದರು. ಹತ್ತು ಬಾಯಲ್ಲಿ ಕೇಳಿ ಕೇಳಿ ದೇವರಾಜನೂ ಅರ್ಧ ನಂಬಿದ.

ಆಪರೇಷನ್ನಿನ ದಿನ ಬೆಳಗ್ಗೆ ಏಳಕ್ಕೆ ಶೋಭಾರಾಣಿಗೆ ಆಸ್ಪತ್ರೆಯ ಹಸಿರು ನಿಲುವಂಗಿ ತೊಡಿಸಿದ್ದರು. ಬಳೆ, ತಾಳಿ, ಕಾಲುಂಗುರ ಬಿಚ್ಚಿಸಿ ದಿವ್ಯಾಳ ಕೈಗೆ ಕೊಟ್ಟಿದ್ದರು. ದಿವ್ಯಾ ಏನೋ ಸಹಿ ಹಾಕಲು ಆಚೆ ಹೋಗಿದ್ದಳು. ಏನಾದರೂ ಧೈರ್ಯ ಹೇಳಬೇಕು ಅಂತ ದೇವರಾಜ ಮಂಚದ ಪಕ್ಕ ಬಂದ.

"ಎಲ್ಲಾ ಒಳ್ಳೇದಕ್ಕೇ ಆಯ್ತು ಕಣೇ. ನಾನು ಅವತ್ತು ಅಂಗೆ ಮಾಡ್ದೆ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ, ಅಲ್ವಾ?"

ಶೋಭಾರಾಣಿ ಅವನ ಕಡೆ ತಿರುಗಿದಳು.

"ಎಲ್ರೂ ಅದ್ನೇ ಹೇಳ್ತಾರೆ, ನೀವೂ ಹೇಳ್ಬೇಡಿ. ನನ್ ರಕ್ತ ನಂಗೆ ಕಾಣಿಸ್ತಿರ್ಲಿಲ್ಲ, ನಂಗೆ ಗೊತ್ತಾಗ್ಲಿಲ್ಲ. ನಿಮ್ದು ನಿಮಗೆ ಕಾಣಿಸ್ತಿತ್ತಲ್ರೀ. ಎಂಟು ತಿಂಗ್ಳು. ದಿನಾ ಪಕ್ಕದಲ್ಲೇ ಮಲಗ್ತಿದ್ರಿ. ನಾನ್ ಮಾಡಿದ ಮುದ್ದೆ ಉಣ್ತಿದ್ರಿ. ನಿಮಗೇ ಈ ಗಡ್ಡೆ ಇದ್ದಿದ್ರೆ? ನಂಗೂ ಹೇಳ್ದೆ ಹಂಗೇ ಹೋಗ್ಬಿಡ್ತಿದ್ರಾ? ಇಪ್ಪತ್ತಾರು ವರ್ಷ ಆಯ್ತು, ನಾನ್ಯಾರು ನಿಮಗೆ?"

ಕ್ರೇನು, ಮುರಿಗೆಪ್ಪ, ಉಷ್ಣ, ದೇವರಾಜನಿಗೆ ಹೇಳಿಕೊಳ್ಳಲು ಬೇಕಾದಷ್ಟು ನೆಪಗಳಿದ್ದವು. ಆ ಮುಖದ ಮುಂದೆ ಒಂದೂ ಬಾಯಿಗೆ ಬರಲಿಲ್ಲ. ಕಣ್ಣೀರು ಸುರಿಯತೊಡಗಿತು, ಒರೆಸಿಕೊಳ್ಳಲೂ ಇಲ್ಲ.

"ಹೆದರ್ಕೊಂಡಿದ್ದೆ ಕಣೇ," ಅಂದ. "ತುಂಬಾ ಹೆದರ್ಕೊಂಡಿದ್ದೆ."

ಬಾಗಿಲ ಬಳಿ ಗಾಲಿಮಂಚ ತಳ್ಳಿಕೊಂಡು ಬರುವ ಸದ್ದಾಯಿತು.

"ನಂಗೂ ಹೆದರಿಕೆ ಆಗ್ತೈತೆ," ಅಂದಳು. "ಅವ್ರು ಬರೋಗಂಟ ನನ್ ಕೈ ಹಿಡ್ಕೊಂಡು ಕೂತ್ಕೊಳಿ."